ಪೋಷಕರ ಸಭೆಗೆ ಯಾರಿಗೆ ಬರಲಾಗುತ್ತಿಲ್ಲ? ಪತ್ತೆ ಹಚ್ಚುವ ಬಗೆ

ಆ ತಾಯಿ ಮೆಟ್ಟಿಲ ಬುಡದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು 20 ನಿಮಿಷ ಕಾದಿದ್ದರಂತೆ. ಸಭೆ ನಡೆಯುತ್ತಿದ್ದುದು ಮೊದಲ ಮಹಡಿಯ ಸಭಾಂಗಣದಲ್ಲಿ. ಪೋಷಕ–ಶಿಕ್ಷಕರ ಸಂಘದ ಸಹಕಾರ್ಯದರ್ಶಿಯಾಗಿದ್ದ ನಾನು ಆಗ ಮೇಲೆ ಹಿಂದಿನ ಸಭೆಯ ನಡಾವಳಿ ಓದುತ್ತಿದ್ದೆ. ಅವರ ಮಗ ಬಂದು, ನೋಟ್‌ಬುಕ್ಕಿನಿಂದ ಹರಿದ ಹಾಳೆಯೊಂದನ್ನು ನನ್ನ ಮೇಜಿನ ಮೇಲಿಟ್ಟು ಓಡಿಹೋದ. ‘ಸಂಜೆಯ ವಿಶೇಷ ತರಗತಿ ಮುಗಿದ ಮೇಲೆ ಮಕ್ಕಳು ಕಾಯುವ ಹಿಂಬದಿ ಗೇಟಿನ ಬಳಿ ದೀಪವಿಲ್ಲ. ದಯವಿಟ್ಟು ಸಭೆಯಲ್ಲಿ ಕೇಳಿ’ ಎಂದು ಅದರಲ್ಲಿತ್ತು. ಸಭೆ ಮುಗಿಸಿ ನಾನು ಕೆಳಗಿಳಿಯುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಅಂದಿನ ನಡಾವಳಿಯ ಮೊದಲ ಸಾಲು ನನ್ನದೇ ಕೈಬರಹದಲ್ಲಿತ್ತು: ‘ಸಭೆ ಎಲ್ಲ ಪೋಷಕರಿಗೂ ಮುಕ್ತವಾಗಿತ್ತು.’

ಆ ಸಾಲು ಸುಳ್ಳಾಗಿತ್ತು. ಪ್ರತಿ ಸಲವೂ ಅದನ್ನೇ ಬರೆಯುತ್ತಿದ್ದೆವು, ಯಾರನ್ನೂ ತಡೆದಿರಲಿಲ್ಲ, ಆದ್ದರಿಂದ ಅನುಮಾನವೇ ಬಂದಿರಲಿಲ್ಲ. ಆದರೆ ಬರಬೇಡಿ ಎನ್ನದಿರುವುದು ಬೇರೆ, ಬರಲು ದಾರಿ ಮಾಡಿಕೊಡುವುದು ಬೇರೆ. ಮುಂದಿನ ಎರಡು ವರ್ಷ ಆ ಸಾಲನ್ನು ನಿಜವಾಗಿಸಲು ನಾವು ಏನೇನು ಮಾಡಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಸಂಘದ ಪದಾಧಿಕಾರಿಯಾಗಿದ್ದರೂ ಸರಿ, ಹೊರಗುಳಿದ ಪೋಷಕರಾಗಿದ್ದರೂ ಸರಿ, ಇದರಲ್ಲಿ ನಿಮ್ಮ ಪಾಲಿನ ಕೆಲಸವಿದೆ.

ಮೊದಲು ಹಾಜರಿ ಪುಸ್ತಕ ತೆಗೆಯಿರಿ. ಎಷ್ಟು ಜನ ಬಂದರು ಎಂದು ಎಣಿಸಬೇಡಿ, ಆ ಲೆಕ್ಕ ಮೋಸ ಮಾಡುತ್ತದೆ. ಹಿಂದಿನ ಆರು ಸಭೆಗಳ ಸಹಿಗಳನ್ನು ಪಕ್ಕಪಕ್ಕ ಇಟ್ಟು, ತರಗತಿವಾರು ಮಕ್ಕಳ ಪಟ್ಟಿಯ ಜೊತೆ ಹೋಲಿಸಿ, ಒಮ್ಮೆಯೂ ಬಾರದ ಮನೆಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ. ನಾನು ಹಾಗೆ ಮಾಡಿದ ಸಂಜೆ ಕಂಡದ್ದು ಇಷ್ಟು: ಆರೂ ಸಭೆಗಳಲ್ಲಿ ಹೆಚ್ಚುಕಡಿಮೆ ಅವೇ ಸಹಿಗಳು, ಅದೇ ಶಾಯಿ, ಅದೇ ಕ್ರಮ. ಹೊಸ ಹೆಸರು ಬಂದರೆ ಒಮ್ಮೆ ಮಾತ್ರ, ಮುಂದಿನ ಸಭೆಯಲ್ಲಿ ಇಲ್ಲ. ಒಮ್ಮೆ ಬಂದು ಮತ್ತೆ ಬಾರದವರ ಹೆಸರಿಗೆ ಬೇರೆ ಬಣ್ಣದ ಗುರುತು ಹಾಕಿ. ಅವರು ಬಾಗಿಲವರೆಗೆ ಬಂದವರು. ಒಳಗೆ ಏನೋ ಅವರನ್ನು ಹಿಂದಕ್ಕೆ ಕಳುಹಿಸಿದೆ.

ಬಳಿಕ ಗುರುತು ಹಾಕಿದವರಲ್ಲಿ ಹತ್ತು ಮಂದಿಗೆ ಫೋನ್ ಮಾಡಿ. ‘ಸಭೆಗೆ ಯಾಕೆ ಬರಲಿಲ್ಲ?’ ಎಂದು ಕೇಳಲೇಬೇಡಿ. ಅದು ಆರೋಪದಂತೆ ಕೇಳಿಸುತ್ತದೆ, ‘ಬಿಡುವಿರಲಿಲ್ಲ’ ಎಂಬ ಒಂದೇ ಉತ್ತರ ಬರುತ್ತದೆ. ‘ಹಿಂದಿನ ಸಭೆಯ ಸುದ್ದಿ ನಿಮಗೆ ಯಾವಾಗ, ಯಾರಿಂದ ತಿಳಿಯಿತು?’ ಎಂದು ಕೇಳಿ. ನಂತರ ಸುಮ್ಮನಿದ್ದು ಕೇಳಿಸಿಕೊಳ್ಳಿ.

ಒಬ್ಬರು ರಾತ್ರಿ ಪಾಳಿಯ ಕೆಲಸದವರು. ಸುದ್ದಿ ತಿಳಿದದ್ದು ಹಿಂದಿನ ದಿನ ಸಂಜೆ, ಅಷ್ಟರಲ್ಲಿ ಪಾಳಿ ಬದಲಿಸಿಕೊಳ್ಳಲು ಆಗುತ್ತಿರಲಿಲ್ಲ. ಇನ್ನೊಬ್ಬ ತಾಯಿಗೆ ಸುದ್ದಿಯೇ ಇಲ್ಲ, ಶಾಲೆಯ ಮೊಬೈಲ್ ಗುಂಪಿನಲ್ಲಿದ್ದದ್ದು ಅವರಿಂದ ಬೇರೆಯಾಗಿ ಬದುಕುತ್ತಿದ್ದ ಗಂಡನ ಸಂಖ್ಯೆ ಮಾತ್ರ. ನನ್ನನ್ನು ಅತಿಯಾಗಿ ಕಾಡಿದ್ದು ಒಬ್ಬ ಅಜ್ಜಿಯ ಮಾತು. ಮೊಮ್ಮಗಳನ್ನು ಸಾಕುತ್ತಿರುವವರು ಅವರೇ. ‘ಚೀಟಿಯಲ್ಲಿ ತಂದೆತಾಯಿಯರು ಬರಬೇಕು ಅಂತ ಇತ್ತಲ್ಲಮ್ಮ, ನಾನು ಬರಬಹುದು ಅಂತ ನನಗೆ ಹೇಗೆ ಗೊತ್ತಾಗಬೇಕು?’ ಎಂದರು. ಆ ಚೀಟಿ ಬರೆದವಳು ನಾನು.

ಯಾರನ್ನು ಕರೆಯುತ್ತೇವೆ ಎಂಬುದು ಹೆಸರಿನಲ್ಲೇ ಇರುತ್ತದೆ. ಅಮೆರಿಕದಲ್ಲಿ 1897ರಲ್ಲಿ ಆಲಿಸ್ ಬರ್ನಿ ಮತ್ತು ಫೀಬಿ ಹರ್ಸ್ಟ್ ಕಟ್ಟಿದ ಸಂಸ್ಥೆಯ ಹೆಸರು ‘ತಾಯಂದಿರ ರಾಷ್ಟ್ರೀಯ ಕಾಂಗ್ರೆಸ್’ ಎಂದಿತ್ತು. 1908ರಲ್ಲಿ ಪೋಷಕ–ಶಿಕ್ಷಕರ ಸಂಘಗಳು ಆ ಹೆಸರಿನೊಳಗೆ ಸೇರಿದವು, 1924ರಲ್ಲಿ ಅದು ‘ಪೋಷಕರು ಮತ್ತು ಶಿಕ್ಷಕರ’ ಕಾಂಗ್ರೆಸ್ ಆಯಿತು. ಆಗಲೂ ಎಲ್ಲ ಪೋಷಕರಿಗೂ ಒಳಗೆ ಜಾಗವಿರಲಿಲ್ಲ. ವರ್ಣಭೇದದ ಶಾಲೆಗಳಿದ್ದ ರಾಜ್ಯಗಳ ಕಪ್ಪು ಜನಾಂಗದ ಪೋಷಕರಿಗಾಗಿ ಸೆಲೀನಾ ಬಟ್ಲರ್ 1926ರಲ್ಲಿ ಬೇರೆಯದೇ ಸಂಸ್ಥೆ ಕಟ್ಟಬೇಕಾಯಿತು. ಎರಡೂ ಒಂದಾದದ್ದು 1970ರಲ್ಲಿ. ಹೆಸರನ್ನು ಹಿಗ್ಗಿಸಿದ ಮಾತ್ರಕ್ಕೆ ಎಲ್ಲರಿಗೂ ಜಾಗ ಸಿಗುವುದಿಲ್ಲ ನಿಜ, ಆದರೆ ಹೆಸರೇ ಇಕ್ಕಟ್ಟಾಗಿದ್ದರೆ ಬರಬೇಕಾದವರಿಗೆ ತಮ್ಮನ್ನು ಕರೆದಿದ್ದಾರೆಂಬುದೇ ತಿಳಿಯುವುದಿಲ್ಲ.

ಹಾಗಾಗಿ ಸಭಾ ಸೂಚನೆಯನ್ನು ತಿದ್ದುವುದರಿಂದಲೇ ಆರಂಭಿಸಿ. ಖರ್ಚಿಲ್ಲದ ಕೆಲಸ, ಫಲ ಬೇಗ ಕಾಣುತ್ತದೆ. ನಮ್ಮ ಹಳೆಯ ಸೂಚನೆ ಹೀಗಿತ್ತು: ‘ತಂದೆತಾಯಿಯರ ಸಭೆ, ಶನಿವಾರ 11 ಗಂಟೆಗೆ. ತಪ್ಪದೆ ಹಾಜರಾಗತಕ್ಕದ್ದು.’ ಈಗ ಹೀಗೆ ಬರೆಯುತ್ತೇವೆ: ‘ಮಗುವನ್ನು ನೋಡಿಕೊಳ್ಳುವ ಯಾರೇ ಆಗಲಿ ಬರಬಹುದು: ತಾಯಿ, ತಂದೆ, ಅಜ್ಜಿ, ತಾತ, ಪಾಲಕರು. ಸಂಘದ ಸದಸ್ಯತ್ವ ಶುಲ್ಕ ಕಟ್ಟಿರಬೇಕೆಂದಿಲ್ಲ. ಸಭೆ 11ಕ್ಕೆ ಆರಂಭ, 12ಕ್ಕೆ ಮುಕ್ತಾಯ. ಚಿಕ್ಕ ಮಕ್ಕಳನ್ನು ಕರೆತರಬಹುದು. ಚರ್ಚೆಯ ವಿಷಯಗಳು ಮೂರು. ನಿಮಗೆ ಯಾವುದೇ ಅನುಕೂಲ ಬೇಕಿದ್ದರೆ ಈ ಸಂಖ್ಯೆಗೆ ತಿಳಿಸಿ.’ ಮುಗಿಯುವ ಹೊತ್ತನ್ನು ಬರೆಯದ ಸೂಚನೆ ದುಡಿಯುವವರಿಗೆ ನಿಷ್ಪ್ರಯೋಜಕ. ಎಷ್ಟು ಹೊತ್ತಿನ ರಜೆ ಕೇಳಬೇಕೆಂದು ಅವರಿಗೆ ತಿಳಿಯಬೇಡವೇ?

ಸೂಚನೆ ಕನಿಷ್ಠ 10 ದಿನ ಮೊದಲು ಹೋಗಲಿ, ಹಿಂದಿನ ದಿನ ಮತ್ತೊಮ್ಮೆ ನೆನಪಿಸಿ. ಕಾಗದ ಮತ್ತು ಮೊಬೈಲ್ ಎರಡೂ ದಾರಿಗಳಲ್ಲಿ ಕಳುಹಿಸಿ, ಬೇರೆ ಬೇರೆ ವಾಸವಿರುವ ಪೋಷಕರಿದ್ದರೆ ಇಬ್ಬರಿಗೂ ಪ್ರತ್ಯೇಕವಾಗಿ ಹೋಗಲಿ. ಇನ್ನೊಂದು ಮುಖ್ಯವಾದ ಮಾತು: ಮುದ್ರಿತ ಸೂಚನೆಯ ಫೋಟೋ ತೆಗೆದು ಗುಂಪಿಗೆ ಹಾಕಿ ಕೈತೊಳೆದುಕೊಳ್ಳಬೇಡಿ. ದೃಷ್ಟಿಯಿಲ್ಲದ ಪೋಷಕರ ಮೊಬೈಲ್ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ಆದರೆ ಚಿತ್ರದೊಳಗಿನ ಬರಹ ಎಷ್ಟೋ ಸಲ ಅದರ ಕೈಗೆ ಸಿಗುವುದಿಲ್ಲ. ಅದೇ ಮಾತುಗಳನ್ನು ಟೈಪ್ ಮಾಡಿ ಹಾಕಿದರೆ ಓದಲು ಬಾರದವರೂ ಆ ಸೌಲಭ್ಯದಿಂದಲೇ ಕೇಳಿಸಿಕೊಳ್ಳುತ್ತಾರೆ. ಧ್ವನಿ ಸಂದೇಶವನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು.

ಇನ್ನು ಜಾಗ. ಇದನ್ನು ಕಣ್ಣಳತೆಯಲ್ಲಿ ಬಿಡಬೇಡಿ. ಅಳತೆ ಪಟ್ಟಿ ಹಿಡಿದು ಶಾಲೆಯ ಗೇಟಿನಿಂದ ಸಭೆಯ ಕುರ್ಚಿಯವರೆಗೆ ಒಮ್ಮೆ ನಡೆಯಿರಿ. ನಾನು ಮುಖ್ಯೋಪಾಧ್ಯಾಯರನ್ನೂ ಜೊತೆಗೆ ಕರೆದುಕೊಂಡು ನಡೆದೆ. ಅವರು ದಿನವೂ ಹತ್ತುತ್ತಿದ್ದ ಮೆಟ್ಟಿಲುಗಳ ಎತ್ತರವನ್ನು ಮೊದಲ ಬಾರಿ ಅಳೆದವರು ನಾವಿಬ್ಬರು. ಗಾಲಿಕುರ್ಚಿಯ ಇಳಿಜಾರಿಗೆ ಸಾಮಾನ್ಯವಾಗಿ ಒಪ್ಪಿಕೊಂಡಿರುವ ಲೆಕ್ಕ ಒಂದಕ್ಕೆ ಹನ್ನೆರಡು: 1 ಸೆಂಟಿಮೀಟರ್ ಏರಲು 12 ಸೆಂಟಿಮೀಟರ್ ಉದ್ದ ಬೇಕು. ನಮ್ಮ ಮುಂಬಾಗಿಲಲ್ಲಿ 15 ಸೆಂಟಿಮೀಟರಿನ ಮೂರು ಮೆಟ್ಟಿಲುಗಳಿದ್ದವು, ಒಟ್ಟು 45. ಅಂದರೆ ಇಳಿಜಾರು 5.4 ಮೀಟರ್ ಉದ್ದವಿರಬೇಕು. ‘ಒಂದು ಹಲಗೆ ಇಟ್ಟರಾಯಿತು’ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ. ಮೆಟ್ಟಿಲ ಮೇಲೆ ಕಡಿದಾಗಿ ಇಟ್ಟ ಹಲಗೆಯಿಂದ ಕುರ್ಚಿ ಹಿಮ್ಮುಖವಾಗಿ ಮಗುಚುತ್ತದೆ. ನಾಲ್ಕು ಜನ ಸೇರಿ ಕುರ್ಚಿಯನ್ನು ಎತ್ತಿಕೊಂಡು ಹೋಗುತ್ತೇವೆ ಎಂಬ ಔದಾರ್ಯವೂ ಬೇಡ. ಎತ್ತಿಸಿಕೊಂಡು ಬರಬೇಕಾದ ಸಭೆಗೆ ಎರಡನೇ ಸಲ ಯಾರೂ ಬರುವುದಿಲ್ಲ.

ನಾವು ಮಾಡಿದ್ದು ಸುಲಭದ ಕೆಲಸ. ಸಭೆಯನ್ನು ಪಕ್ಕದ ಗೇಟಿನ ಮಟ್ಟದಲ್ಲೇ ಇರುವ, ಮೆಟ್ಟಿಲಿಲ್ಲದ ಚಿತ್ರಕಲಾ ಕೊಠಡಿಗೆ ಸ್ಥಳಾಂತರಿಸಿದೆವು. ಬಾಗಿಲು ತೆರೆದಾಗ ಸಿಗುವ ಅಗಲ 80 ಸೆಂಟಿಮೀಟರ್‌ಗಿಂತ ಕಡಿಮೆ ಇರಬಾರದು, 90 ಇದ್ದರೆ ನೆಮ್ಮದಿ. ಕುರ್ಚಿ ತಿರುಗಲು ಒಂದೂವರೆ ಮೀಟರ್ ಅಡ್ಡಳತೆಯ ಜಾಗ ಬೇಕು. ಸಾಲುಗಳ ನಡುವಿನಿಂದ ಒಂದೆರಡು ಕುರ್ಚಿ ತೆಗೆದಿಡಿ, ಗಾಲಿಕುರ್ಚಿಯವರನ್ನು ಬಾಗಿಲ ಮೂಲೆಯಲ್ಲಿ ಒಬ್ಬರನ್ನೇ ಕೂರಿಸಬೇಡಿ. ಶೌಚಾಲಯದವರೆಗೂ ಹೀಗೆಯೇ ಅಳೆಯಿರಿ.

ಕಿವಿ ಮಂದವಾಗಿರುವವರು ಪ್ರತಿ ಸಭೆಯಲ್ಲೂ ಇರುತ್ತಾರೆ, ಹೇಳಿಕೊಳ್ಳುವುದಿಲ್ಲ. ‘ನನ್ನ ದನಿ ದೊಡ್ಡದು, ಮೈಕ್ ಬೇಡ’ ಎನ್ನುವವರ ಕೈಗೂ ಮೈಕ್ ಕೊಡಿ. ಮಾತನಾಡುವವರು ಕಿಟಕಿಗೆ ಬೆನ್ನು ಹಾಕಿ ನಿಂತರೆ ಮುಖ ಕಪ್ಪಾಗಿ ಕಾಣುತ್ತದೆ, ತುಟಿಯ ಚಲನೆ ನೋಡಿ ಅರ್ಥ ಮಾಡಿಕೊಳ್ಳುವವರಿಗೆ ಏನೂ ಸಿಗುವುದಿಲ್ಲ. ಮಾತನಾಡುವವರನ್ನು ಬೆಳಕಿಗೆ ಎದುರಾಗಿ ನಿಲ್ಲಿಸಿ. ಸಂಜ್ಞಾಭಾಷೆಯ ಅನುವಾದಕರು ಬೇಕಿದ್ದರೆ ಕೆಲವು ವಾರ ಮೊದಲೇ ಗೊತ್ತುಮಾಡಿ. ಸಭೆ ದೀರ್ಘವಾಗಿದ್ದರೆ ಇಬ್ಬರು ಬೇಕು, ಏಕೆಂದರೆ ಅವರು ಸರದಿಯ ಮೇಲೆ ವಿರಮಿಸದಿದ್ದರೆ ಅನುವಾದ ಜಾಳಾಗುತ್ತದೆ.

ಬೇರೆ ಭಾಷೆಯ ಪೋಷಕರಿಗೆ ಅವರ ಮಗುವನ್ನೇ ಅನುವಾದಕನನ್ನಾಗಿ ಮಾಡುವ ರೂಢಿ ಅನೇಕ ಶಾಲೆಗಳಲ್ಲಿದೆ. ದಯವಿಟ್ಟು ನಿಲ್ಲಿಸಿ. ಒಂಬತ್ತು ವರ್ಷದ ಹುಡುಗಿಯೊಬ್ಬಳು, ತನ್ನ ಅಣ್ಣ ತರಗತಿ ತಪ್ಪಿಸುತ್ತಿದ್ದಾನೆಂಬುದನ್ನು ತಾಯಿಗೆ ತನ್ನ ಬಾಯಿಂದಲೇ ಹೇಳಬೇಕಾಗಿ ಬಂದು, ಮಾತು ತಡವರಿಸಿ, ನನ್ನ ಮುಖ ನೋಡಿದ್ದು ನನಗೆ ಮರೆಯುವುದಿಲ್ಲ. ಆ ಭಾಷೆ ಬಲ್ಲ ಇನ್ನೊಬ್ಬ ಪೋಷಕರನ್ನು ಮೊದಲೇ ಕೇಳಿಕೊಳ್ಳಿ. ಮಗುವಿನ ಖಾಸಗಿ ವಿಷಯವಿದ್ದರೆ ಅವರೂ ಬೇಡ, ಶಾಲೆಯೇ ಅನುವಾದಕರನ್ನು ಒದಗಿಸಬೇಕು.

ಹೊತ್ತಿನ ವಿಷಯದಲ್ಲಿ ಎಲ್ಲರಿಗೂ ಒಗ್ಗುವ ವೇಳೆ ಎಂಬುದಿಲ್ಲ, ಹುಡುಕಿ ಸೋತಿದ್ದೇನೆ. ಸರದಿ ಮಾಡಿ: ಒಂದು ಸಭೆ ಬೆಳಿಗ್ಗೆ, ಮತ್ತೊಂದು ಸಂಜೆ, ಇನ್ನೊಂದು ರಜಾದಿನ. ಫೋನ್ ಅಥವಾ ವಿಡಿಯೊ ಮೂಲಕ ಸೇರುವ ಅವಕಾಶ ಕೊಟ್ಟರೆ, ಅವರ ಕಡೆ ಮಾತ್ರ ಗಮನವಿಡಲು ಒಬ್ಬರನ್ನು ನೇಮಿಸಿ. ಇಲ್ಲವಾದರೆ ಅವರು ಇಡೀ ಗಂಟೆ ಕೊಠಡಿಯ ಗದ್ದಲ ಕೇಳಿಸಿಕೊಂಡು ಹೋಗುತ್ತಾರೆ. ಶಾಲೆ ಮತ್ತು ಮನೆಯ ನಂಟಿನ ಕುರಿತು ದೀರ್ಘಕಾಲ ಸಂಶೋಧನೆ ಮಾಡಿರುವ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜಾಯ್ಸ್ ಎಪ್ಸ್ಟೀನ್ ಅವರ ನಿಲುವು ನನಗೆ ಇಲ್ಲಿ ದಾರಿ ತೋರಿಸಿತು: ಪೋಷಕರ ಕಾರ್ಯಾಗಾರವೆಂದರೆ ಕೊಠಡಿಯಲ್ಲಿ ನಡೆಯುವ ಕೂಟ ಮಾತ್ರವಲ್ಲ, ಅದರ ಮಾಹಿತಿ ಬೇರೆ ಬೇರೆ ರೂಪಗಳಲ್ಲಿ, ಬೇಕಾದಾಗ, ಬೇಕಾದಲ್ಲಿ ಸಿಗುವಂತಿರಬೇಕು.

ಈವರೆಗೆ ಹೇಳಿದ್ದು ಬಹುತೇಕ ಪದಾಧಿಕಾರಿಗಳಿಗೆ. ಈಗ ಹೊರಗಿರುವ ಪೋಷಕರಿಗೆ. ನಿಮ್ಮ ಸಂಘದ ಬೈಲಾ, ಅಂದರೆ ನಿಯಮಾವಳಿ, ಕೇಳಿ ಪಡೆಯಿರಿ. ಅದರಲ್ಲಿ ಸದಸ್ಯರು ಯಾರು, ಸಭೆಗೆ ಎಷ್ಟು ದಿನದ ಸೂಚನೆ ಬೇಕು, ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ) ಎಷ್ಟು, ನಡಾವಳಿ ಮತ್ತು ಜಮಾಖರ್ಚನ್ನು ಯಾರು ನೋಡಬಹುದು ಎಂಬುದನ್ನು ಹುಡುಕಿ. ಸರ್ವಸದಸ್ಯರ ಸಭೆಗೂ ಕಾರ್ಯಕಾರಿ ಸಮಿತಿಯ ಸಭೆಗೂ ವ್ಯತ್ಯಾಸವಿದೆ. ಒಂದು ಮಗುವಿನ ಅಥವಾ ಶಿಕ್ಷಕರೊಬ್ಬರ ಖಾಸಗಿ ವಿಷಯ ಬಂದಾಗ ಸಮಿತಿ ಬಾಗಿಲು ಹಾಕಿಕೊಳ್ಳುವುದು ನ್ಯಾಯವೇ. ಆದರೆ ಹಣ, ಪ್ರವಾಸ, ಸಮವಸ್ತ್ರ, ಚುನಾವಣೆ ಇವುಗಳ ನಿರ್ಧಾರವೂ ಅಲ್ಲೇ ಮುಗಿಯುತ್ತಿದ್ದರೆ ಪ್ರಶ್ನಿಸಿ. ಜಗಳ ಬೇಕಿಲ್ಲ, ಒಂದು ಪತ್ರ ಸಾಕು: ‘ಮುಂದಿನ ಸಭೆಗೆ ಬರಲು ಬಯಸುತ್ತೇನೆ. ದಿನಾಂಕ, ವಿಷಯಸೂಚಿ ಮತ್ತು ಹಿಂದಿನ ಸಭೆಯ ನಡಾವಳಿಯ ಪ್ರತಿಯನ್ನು ದಯವಿಟ್ಟು ಕಳುಹಿಸಿ. ಪ್ರವೇಶವಿಲ್ಲವಾದರೆ ಬೈಲಾದ ಯಾವ ನಿಯಮದ ಪ್ರಕಾರ ಎಂಬುದನ್ನು ಬರವಣಿಗೆಯಲ್ಲಿ ತಿಳಿಸಿ.’ ಪತ್ರಕ್ಕೆ ದಿನಾಂಕ ಹಾಕಿ, ಪ್ರತಿಯೊಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಇಂಥ ಪತ್ರವೊಂದು ಬಂದಾಗಲೇ ನಮ್ಮ ಸಮಿತಿಯವರೂ ಬೈಲಾವನ್ನು ಪೂರ್ತಿ ಓದಿದ್ದು.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಹಣದ ಠರಾವನ್ನು ಚರ್ಚೆಯಾದ ದಿನವೇ ಅಂಗೀಕರಿಸಬೇಡಿ. ಮೂರು ದಿನದೊಳಗೆ ನಡಾವಳಿಯನ್ನು ಎಲ್ಲರಿಗೂ ಕಳುಹಿಸಿ: ಏನು ಚರ್ಚೆಯಾಯಿತು, ಯಾರು ಯಾವ ಕೆಲಸ ಒಪ್ಪಿಕೊಂಡರು, ಯಾವ ದಿನಾಂಕದೊಳಗೆ. ನಂತರ ಒಂದು ವಾರ ಬಾರದವರ ಅಭಿಪ್ರಾಯಕ್ಕೆ ಕಾಯಿರಿ, ಬಂದ ಉತ್ತರಗಳನ್ನು ಮುಂದಿನ ಸಭೆಯಲ್ಲಿ ಓದಿ, ಆಮೇಲೆ ಕೈ ಎತ್ತಿಸಿ. ‘ಕೆಲಸ ತಡವಾಗುತ್ತದೆ’ ಎಂದು ನಮ್ಮಲ್ಲೂ ಅಂದರು. ತಡವಾಯಿತು, ನಿಜ. ಆದರೆ ರಾತ್ರಿ ಪಾಳಿಯ ಆ ತಂದೆ ಮೊದಲ ಬಾರಿ ಬರೆದು ಕಳುಹಿಸಿದ ನಾಲ್ಕು ಸಾಲಿನಿಂದಲೇ ನಮ್ಮ ಪ್ರವಾಸದ ಖರ್ಚಿನಲ್ಲಿ ಎರಡು ಬಾರಿ ಸೇರಿಹೋಗಿದ್ದ ಒಂದು ಮೊತ್ತ ಸಿಕ್ಕಿಬಿದ್ದಿತು.

ಚಿತ್ರಕಲಾ ಕೊಠಡಿಯಲ್ಲಿ ನಡೆದ ಮೊದಲ ಸಭೆಗೆ ಆ ತಾಯಿಯನ್ನು ಕರೆಯಲು ಅವರ ಮನೆಗೇ ಹೋದೆ. ಕ್ಷಮೆ ಕೇಳಿದೆ. ಅವರು ಬಂದರು, ಮೂರನೇ ಸಾಲಿನ ನಡುವೆ ಕುಳಿತರು, ಹಿಂಬದಿ ಗೇಟಿನ ದೀಪದ ಪ್ರಶ್ನೆಯನ್ನು ತಾವೇ ಕೇಳಿದರು. ಮುಂದಿನ ತಿಂಗಳು ದೀಪ ಬಂತು.

ಈಗ ನಡಾವಳಿಯ ಮೊದಲ ಸಾಲನ್ನು ಹೀಗೆ ಬರೆಯುತ್ತೇನೆ: ‘ಮೆಟ್ಟಿಲಿಲ್ಲದ ಕೊಠಡಿ. ಸೂಚನೆ ಹೋದದ್ದು 10 ದಿನ ಮೊದಲು. ಹಾಜರಿದ್ದವರು 46, ಫೋನಿನಲ್ಲಿ ಸೇರಿದವರು 5, ಬರಲಾಗದೆ ಅಭಿಪ್ರಾಯ ಕಳುಹಿಸಿದವರು 8. ಈವರೆಗೆ ಒಮ್ಮೆಯೂ ಸಂಪರ್ಕಕ್ಕೆ ಸಿಗದ ಮನೆಗಳು 12, ಅವರಿಗೆ ಈ ವಾರ ಫೋನ್ ಮಾಡುವವರು: ಕಾರ್ಯದರ್ಶಿ ಮತ್ತು ಸಹಕಾರ್ಯದರ್ಶಿ.’