ಮೊದಲು ಗಲ್ಲಿ, ಆಮೇಲೆ ಮನೆ

"ಖಾಲಿ ಮನಿನೇ ಇಲ್ದ ಗಲ್ಲಿ ನೋಡಿ ಏನ್ ಮಾಡ್ತಿಯೋ?"

ಹೋದ ವರ್ಷ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಗೆಳೆಯರು ನನಗೆ ಕೇಳಿದ್ದು ಇದೊಂದೇ ಮಾತು. ಮಾವನವರಂತೂ ಚಹಾ ಕುಡಿಯುತ್ತಾ, "ಮನಿ ನೋಡ್ಲಿಕತ್ತೀರೋ ಇಲ್ಲಾ ಹೆಣ್ಣು ನೋಡ್ಲಿಕತ್ತೀರೋ?" ಅಂದರು. ನಗಲಿ ಅಂತ ಬಿಟ್ಟೆ. ಅಷ್ಟೊತ್ತಿಗೆ ಮನೆ ಆರಿಸುವುದರಲ್ಲಿ ನಾನು ಎರಡು ಸಲ ಕೈ ಸುಟ್ಟುಕೊಂಡಿದ್ದೆ. ಮೂರನೇ ಸಲ ಗಲ್ಲಿ ಮೊದಲು ಆರಿಸಿದೆ, ಅಲ್ಲಿ ಮನೆ ಖಾಲಿ ಆಗುವವರೆಗೆ ಕಾದೆ. ಈಗ ಆ ಗಲ್ಲಿಯಲ್ಲೇ ಇದ್ದೇವೆ. ನಕ್ಕವರಲ್ಲಿ ಇಬ್ಬರು ಈಗ ಗಲ್ಲಿಗಳ ಲೆಕ್ಕ ಬರೆದ ನನ್ನ ನೋಟ್‌ಬುಕ್ ಕೇಳುತ್ತಿದ್ದಾರೆ.

ನಾನು ಮೆಡಿಕಲ್ ರೆಪ್. ಕಲಬುರಗಿಯಲ್ಲಿ ಸೇಡಂ ರಸ್ತೆಯಿಂದ ಆಳಂದ ರಸ್ತೆವರೆಗೆ, ಸೂಪರ್ ಮಾರ್ಕೆಟ್‌ನಿಂದ ಜೇವರ್ಗಿ ಕಾಲನಿವರೆಗೆ ನಾನು ಬೈಕ್ ನಿಲ್ಲಿಸದ ಮೆಡಿಕಲ್ ಅಂಗಡಿ ಇಲ್ಲ. ಆದರೂ ಮೋಸ ಹೋದೆ. ಬ್ಯಾಗು ಹೊತ್ತು ತಿರುಗುವವನಿಗೆ ಕಾಣುವ ಕಲಬುರಗಿ ಬೇರೆ. ಎರಡು ವರ್ಷದ ಮಗನನ್ನು ಕಂಕುಳಲ್ಲಿಟ್ಟು, ಐದು ವರ್ಷದ ಮಗಳ ಕೈ ಹಿಡಿದವನಿಗೆ ಕಾಣುವ ಕಲಬುರಗಿಯೇ ಬೇರೆ.

ಮೊದಲ ಮನೆ ರಿಂಗ್ ರೋಡಿನ ಆಚೆ, ಹೊಸ ಲೇಔಟ್‌ನಲ್ಲಿ. ಬಾಡಿಗೆ 6,500, ಡಿಪಾಜಿಟ್ 50,000. ಎರಡು ಬೆಡ್‌ರೂಮು, ಸುತ್ತ ಖಾಲಿ ಜಾಗ, ಒಳ್ಳೆ ಗಾಳಿ. ನಾವು ನೋಡಿದ್ದು ಡಿಸೆಂಬರ್‌ನಲ್ಲಿ. ಡಿಸೆಂಬರ್‌ನಲ್ಲಿ ಈ ಊರಿನ ಯಾವ ಮನೆ ಚೆನ್ನಾಗಿ ಕಾಣುವುದಿಲ್ಲ ಹೇಳಿ? ಮಾರ್ಚ್‌ಗೆ ಬೋರ್ ಒಣಗಿತು. ನಳ ಆ ಕಡೆ ಇನ್ನೂ ಬಂದಿರಲಿಲ್ಲ. ಟ್ಯಾಂಕರ್‌ಗೆ 700ರಂತೆ ತಿಂಗಳಿಗೆ ನಾಲ್ಕು ಅಂದರೆ 2,800. ಟ್ಯಾಂಕರ್ ನೀರೂ ಸವಳು, ಅದಕ್ಕೇ ಕುಡಿಯಲು ಕ್ಯಾನ್, ಅದೊಂದು 450. ಸ್ಕೂಲ್ ವ್ಯಾನಿನವನು ದೂರ ಅಂತ 1,800 ಹಿಡಿದ. ಕೂಡಿಸಿದರೆ ಹನ್ನೊಂದೂವರೆ ಸಾವಿರ ದಾಟಿತು. ಅಗ್ಗದ ಮನೆ ಅಂತ ಹೆಮ್ಮೆಪಟ್ಟವನು ನಾನೇ.

ಜೂನ್‌ನಲ್ಲಿ ಮಳೆ ಬಿತ್ತು. ನಮ್ಮ ಕಡೆಯ ಎರೆ ಮಣ್ಣು ನಿಮಗೂ ಗೊತ್ತಲ್ಲ. ಒಂದು ಮಳೆಗೆ ಚಪ್ಪಲಿ ಕಾಲಿಗಿಂತ ಭಾರ ಆಗುತ್ತದೆ. ವ್ಯಾನು ಡಾಂಬರು ರಸ್ತೆಯಲ್ಲೇ ನಿಲ್ಲುತ್ತಿತ್ತು. ಅಲ್ಲಿಂದ 400 ಮೀಟರ್ ಎರಡೂ ಮಕ್ಕಳನ್ನು ಹೊತ್ತು, ಚಪ್ಪಲಿ ಕೈಯಲ್ಲಿ ಹಿಡಿದು ನಡೆದಿದ್ದೇನೆ. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಸೀಳುತ್ತದೆ. ಬುನಾದಿ ಸರಿಯಾಗಿ ಹಾಕದಿದ್ದರೆ ಮನೆಯೂ ಅದರ ಜೊತೆ ಕುಣಿಯುತ್ತದೆ. ಒಂದು ದಿನ ಬಚ್ಚಲ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಮಗಳು ಒಳಗೇ ಸಿಕ್ಕಿಬಿದ್ದಳು. ಇಪ್ಪತ್ತು ನಿಮಿಷ. ಕೊನೆಗೆ ಪಕ್ಕದ ಕಟ್ಟಡದ ಗೌಂಡಿ ಬಂದು ಕಬ್ಬಿಣದ ಸಲಾಕೆ ಹಾಕಿ ಎಬ್ಬಿಸಿದರು. ಈಗ ಯಾವ ಮನೆಗೆ ಹೋದರೂ ಮೊದಲು ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಇದೆಯಾ ಅಂತ ನೋಡುತ್ತೇನೆ. ಹೊಸ ಬಣ್ಣ ಅದೊಂದೇ ಜಾಗದಲ್ಲಿ ದಪ್ಪ ಇದ್ದರೆ ಇನ್ನೂ ಅನುಮಾನ.

ಎರಡನೇ ಮನೆ ಊರೊಳಗೆ. ಬಾಡಿಗೆ 9,000. ಆಷಾಢದಲ್ಲಿ ನೋಡಿದೆವು, ಶ್ರಾವಣದಲ್ಲಿ ಸಾಮಾನು ಹೊತ್ತೆವು. ಎರಡು ಮನೆ ಆಚೆ ಒಂದು ಕಲ್ಯಾಣ ಮಂಟಪ ಇತ್ತು. ನೋಡಲು ಹೋದಾಗ ಎಂಥ ಶಾಂತಿ ಅಂತೀರಿ! ಆಷಾಢದಲ್ಲಿ ಮದುವೆ ಇರುವುದಿಲ್ಲ ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ದೀಪಾವಳಿ ಮುಗಿದು ಲಗ್ನ ಶುರುವಾದ ಮೇಲೆ ಡಿಜೆ ಸದ್ದಿಗೆ ಪಾತ್ರೆ ನಡುಗುತ್ತಿದ್ದವು. ಮಗ ರಾತ್ರಿ ಬೆಚ್ಚಿ ಏಳುತ್ತಿದ್ದ. ಬಿಡುವಾಗ ಮಾಲಕರು ಬಣ್ಣಕ್ಕೆ ಅಂತ 15,000 ಹಿಡಿದುಕೊಂಡರು. ಎರಡೂ ಮನೆಯ ಏಜೆಂಟ್ ಕಮಿಷನ್, ಟೆಂಪೋ ಬಾಡಿಗೆ ಸೇರಿಸಿ ಸುಮಾರು 40 ಸಾವಿರ ನೀರಿಗೆ ಹೋಯಿತು.

ಡಿಸೆಂಬರ್ ಒಂದು ಸಲ, ಆಷಾಢ ಒಂದು ಸಲ. ಎರಡೂ ಸಲ ಜಾಗದ ಒಳ್ಳೆ ಹೊತ್ತನ್ನೇ ನೋಡಿದ್ದೆ. ಕೆಟ್ಟ ಹೊತ್ತು ನೋಡಬೇಕು ಅಂದರೆ ತಿಂಗಳುಗಟ್ಟಲೆ ಬೇಕು. ಖಾಲಿ ಮನೆ ಅಷ್ಟು ದಿನ ನಮಗಾಗಿ ಕಾಯುತ್ತಾ? ಅದಕ್ಕೇ ಮನೆ ಬಿಟ್ಟೆ, ಗಲ್ಲಿ ಹಿಡಿದೆ. ಎರಡನೇ ಮನೆಯಲ್ಲಿ ಇದ್ದುಕೊಂಡೇ ಒಂಬತ್ತು ಗಲ್ಲಿಗಳ ಪಟ್ಟಿ ಮಾಡಿದೆ.

ಪಟ್ಟಿಯಲ್ಲಿ ಯಾವ ಗಲ್ಲಿಯ ನೀರು ಕೆಟ್ಟದ್ದು ಅಂತ ತಿಳಿಯಲು ನನ್ನ ಕಸುಬೇ ಸಾಕಾಯಿತು. ಬೇಸಿಗೆಯಲ್ಲಿ ಭೇದಿಗೆ ಕುಡಿಸುವ ಓಆರ್‌ಎಸ್ ಪುಡಿ ಎಲ್ಲಾ ಅಂಗಡಿಯಲ್ಲೂ ಹೋಗುತ್ತದೆ, 42 ಡಿಗ್ರಿಯಲ್ಲಿ ದೊಡ್ಡವರೂ ಕುಡಿಯುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಮಕ್ಕಳ ಜಿಂಕ್ ಸಿರಪ್ ಹಾಗಲ್ಲ. ಅದನ್ನು ಡಾಕ್ಟರು ಹೆಚ್ಚಾಗಿ ಭೇದಿಯಾದ ಮಗುವಿಗೆ 14 ದಿನಕ್ಕೆ ಬರೆಯುತ್ತಾರೆ. ಒಂದೇ ಅಂಗಡಿಯಲ್ಲಿ ಮಳೆ ಶುರುವಾದ ಕೂಡಲೇ ಅದು ಜಾಸ್ತಿ ಹೋದರೆ, ಹಿಂದಿನ ಗಲ್ಲಿಯಲ್ಲಿ ನಳದ ಪೈಪು ಗಟಾರ ದಾಟುವ ಜಾಗ ಹುಡುಕಿ. ನೀರು ದಿನ ಬಿಟ್ಟು ದಿನ ಬರುವ ಕಡೆ ಪೈಪು ಖಾಲಿ ಇದ್ದಾಗ ಸೀಳಿನಿಂದ ಹೊಲಸು ಒಳಗೆ ಹೋಗುತ್ತದೆ. ಎರಡು ಗಲ್ಲಿಗಳನ್ನು ಬರೀ ಈ ಲೆಕ್ಕದ ಮೇಲೆ ಹೊಡೆದುಹಾಕಿದೆ. ಅಂಗಡಿಯವರ ಬಾಯಿ ಹೇಗೆ ಬಿಡಿಸಿದೆ ಅಂತ ಕೇಳಬೇಡಿ. ಅದು ನನ್ನ ಹೊಟ್ಟೆಪಾಡು.

ನೀರಿನ ಬಗ್ಗೆ ಏಜೆಂಟ್‌ಗೂ ಕೇಳಬೇಡಿ, ಮಾಲಕರಿಗೂ ಕೇಳಬೇಡಿ. ಬೆಳಿಗ್ಗೆ ಐದಕ್ಕೆ ಹೋಗಿ ನೀರು ಬಿಡುವವರಿಗೆ ಕೇಳಿ. ಒಬ್ಬರು ನನಗೆ ಹೇಳಿದ್ದು ಹೀಗೆ: "ಮೂರ್ ದಿನಕ್ಕೊಮ್ಮೆ ಬಿಡ್ತೀನ್ರಿ ಸರ್. ಆದ್ರ ಕಡೀ ನಾಕ್ ಮನಿಗಿ ಹತ್ತಂಗಿಲ್ರಿ, ಜಾಗ ಏರ್ ಅದ." ಮಾಲಕರು ಇಂಥದ್ದು ಹೇಳುತ್ತಾರಾ? ಬಾಗಿಲ ಮುಂದೆ ಇಟ್ಟ ನೀಲಿ ಡ್ರಮ್‌ಗಳನ್ನೂ ಎಣಿಸಿದೆ. ಮನೆಗೆ ಎರಡಕ್ಕಿಂತ ಜಾಸ್ತಿ ಇದ್ದರೆ ಅಲ್ಲಿ ತ್ರಾಸ ಇದೆ ಅಂತಲೇ ಅರ್ಥ.

ನನ್ನ ಮುಖ್ಯ ಪರೀಕ್ಷೆ ಇನ್ನೊಂದು. ಗಲ್ಲಿಯಿಂದ ಹತ್ತಿರದ ಶಾಲೆಯವರೆಗೆ ಮಗಳನ್ನು ನಡೆಸುವುದು. ದಾರಿಯಲ್ಲಿ ಅವಳನ್ನು ಎಷ್ಟು ಸಲ ಎತ್ತಿಕೊಳ್ಳಬೇಕಾಯಿತು ಅಂತ ಬರೆದುಕೊಳ್ಳುವುದು. ಗಟಾರದ ಮೇಲೆ ಫರಸಿ ಕಲ್ಲು ಇಲ್ಲದಿದ್ದರೆ ಎತ್ತಬೇಕು. ಟಂಟಂ ಆಟೋ ಮೈಮೇಲೆ ಬಂದರೆ ಎತ್ತಬೇಕು. ಬೈಕುಗಳ ಬಿಸಿ ಸೈಲೆನ್ಸರ್ ಅವಳ ಕಾಲಿನ ಮಟ್ಟಕ್ಕೇ ಇರುತ್ತದೆ, ಅಲ್ಲೂ ಎತ್ತಬೇಕು. ಒಂದು ಕಡೆ 600 ಮೀಟರ್‌ಗೆ ಒಂಬತ್ತು ಸಲ ಎತ್ತಿದೆ. ಈಗಿರುವ ಗಲ್ಲಿಯಲ್ಲಿ ಎರಡೇ ಸಲ, ಅದರಲ್ಲಿ ಒಂದು ಸಲ ಅವಳಿಗೆ ಬರೀ ಹಟ. ಪ್ರತಿ ದಾರಿಯನ್ನೂ ಮೂರು ಹೊತ್ತು ನಡೆಸಿದೆ. ಏಪ್ರಿಲ್‌ನ ಮಧ್ಯಾಹ್ನ ಹನ್ನೆರಡೂವರೆಗೆ ಕರೆದುಕೊಂಡು ಹೋದ ದಿನ ಹೆಂಡತಿ ಬೈದಿದ್ದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಬೇವಿನ ಮರ ಯಾವ ಕಡೆ ಇದೆ, ನೆರಳು ಎಲ್ಲಿ ತಪ್ಪುತ್ತದೆ ಅನ್ನುವುದು ಆ ಹೊತ್ತಿಗೆ ಬಿಟ್ಟು ಬೇರೆ ಹೊತ್ತಿಗೆ ಗೊತ್ತಾಗುವುದಿಲ್ಲ. ಆಮೇಲೆ ನಾನೊಬ್ಬನೇ ಕೊಡೆ ಹಿಡಿದು ಹೋದೆ.

ಇಲ್ಲೂ ಒಂದು ಕಡೆ ಎಡವಿದೆ. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಬೆಳಿಗ್ಗೆ ಒಂಬತ್ತೂವರೆಗೆ ಹೋಗಿ ನೋಡಿ, "ಎಷ್ಟು ಖಾಲಿ ರಸ್ತೆ" ಅಂತ ಒಂದು ಗಲ್ಲಿಗೆ ಹತ್ತಕ್ಕೆ ಒಂಬತ್ತು ಮಾರ್ಕು ಕೊಟ್ಟಿದ್ದೆ. ಜೂನ್‌ನಲ್ಲಿ ಕಚೇರಿ ಹಳೆಯ ಸಮಯಕ್ಕೆ ಬಂತು, ಶಾಲೆ ಶುರುವಾಯಿತು. ಅದೇ ಒಂಬತ್ತೂವರೆಗೆ ಅಲ್ಲಿ ಕಾಲಿಡಲು ಜಾಗ ಇಲ್ಲ. ಒಂಬತ್ತು ಮಾರ್ಕು ನಾಲ್ಕಕ್ಕೆ ಇಳಿಯಿತು.

ರಾತ್ರಿ ಹತ್ತಕ್ಕೆ ಬೈಕಿನಲ್ಲಿ ನಾಯಿ ಎಣಿಸಲೂ ಹೋಗುತ್ತಿದ್ದೆ. ಹಗಲು ಮಲಗಿದ ನಾಯಿ ಲೆಕ್ಕಕ್ಕಿಲ್ಲ. ಕಸ ಚೆಲ್ಲುವ ಮೂಲೆ ಎಲ್ಲಿದೆಯೋ ಗುಂಪು ಅಲ್ಲೇ. ಆ ಮೂಲೆ ಶಾಲೆಯ ದಾರಿಯಲ್ಲಿ ಬಂದರೆ ಗಲ್ಲಿ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ರೇಬಿಸ್ ಇಂಜೆಕ್ಷನ್‌ಗೆ ಮಗುವನ್ನು ಮತ್ತೆ ಮತ್ತೆ ಕರೆದುಕೊಂಡು ಬಂದು ಸಾಲಿನಲ್ಲಿ ನಿಲ್ಲುವ ಅಪ್ಪಂದಿರನ್ನು ನಾನು ಆಸ್ಪತ್ರೆಗಳಲ್ಲಿ ದಿನಾ ನೋಡುತ್ತೇನೆ.

ಜೊತೆಗೆ ಆಡುವ ಮಕ್ಕಳು ಇದ್ದಾರಾ ಅಂತ ತಿಳಿಯಲು ಬಟ್ಟೆ ಒಣಹಾಕಿದ ಹಗ್ಗ ನೋಡಿ. ಸಣ್ಣ ಚಡ್ಡಿ, ಫ್ರಾಕು, ಯೂನಿಫಾರ್ಮ್. ಭಾನುವಾರ ಬೆಳಿಗ್ಗೆ ಇದು ಚೆನ್ನಾಗಿ ಕಾಣುತ್ತದೆ. ಒಂದು ಕಾಲನಿಯಲ್ಲಿ ಎಲ್ಲಾ ಸರಿಯಿತ್ತು, ಹಗ್ಗದ ಮೇಲೆ ಬರೀ ಪಂಚೆ, ಒಂಬತ್ತು ಗಜದ ಸೀರೆ. ರಿಟೈರ್ ಆದವರ ಓಣಿ. ನಿಧಾನಸ್ಥ ಜನ, ಆದರೆ ಮಕ್ಕಳ ಚೆಂಡು ಕಾಂಪೌಂಡಿಗೆ ಬಿದ್ದರೆ ವಾಪಸು ಬರುವ ಲಕ್ಷಣ ಕಾಣಲಿಲ್ಲ.

ನಡುವೆ ಇನ್ನೊಂದು ಹುಚ್ಚು ಹತ್ತಿತು. ಮೇಲಿನ ಮಹಡಿ ಬಾಡಿಗೆ ಒಂದೂವರೆ ಸಾವಿರ ಕಡಿಮೆ ಇರುತ್ತದೆ, ಸೆಕೆ ತಡೆದುಕೊಳ್ಳಬಹುದಾ ಅಂತ. ಒಂದೇ ಕಟ್ಟಡದ ಮೇಲೂ ಕೆಳಗೂ ಗೆಳೆಯರ ಮನೆಯಿತ್ತು. ಮೇ ತಿಂಗಳಲ್ಲಿ ಎರಡೂ ಕಡೆ 200 ರೂಪಾಯಿಯ ಥರ್ಮಾಮೀಟರ್ ತೂಗುಹಾಕಿದೆ. ಸಂಜೆ ಏಳಕ್ಕೆ ಮೇಲೆ ನಾಲ್ಕು ಡಿಗ್ರಿ ಜಾಸ್ತಿ. ಆಮೇಲೆ ಗೆಳೆಯನನ್ನು ಒಪ್ಪಿಸಿ ಮಾಳಿಗೆಗೆ ಸುಣ್ಣ ಬಳಿದೆವು, ಫೆವಿಕಾಲ್ ಕಲಸಿ ಎರಡು ಕೈ. ಖರ್ಚು 900 ಇರಬೇಕು. ವ್ಯತ್ಯಾಸ ಎರಡು ಡಿಗ್ರಿಗೆ ಇಳಿಯಿತು. ಆದರೂ ನಾನು ಕೆಳಗಿನ ಮನೆಯೇ ಹಿಡಿದೆ. ಮಗ ಮೆಟ್ಟಿಲ ಮೇಲೆ ಹೇಗೆ ಓಡುತ್ತಾನೆ ಅಂತ ನೋಡಿದವರು ಯಾಕೆ ಅಂತ ಕೇಳುವುದಿಲ್ಲ.

ಜುಲೈ ಹೊತ್ತಿಗೆ ಎರಡು ಗಲ್ಲಿ ಉಳಿದವು. ಎರಡರಲ್ಲೂ ಖಾಲಿ ಮನೆ ಇಲ್ಲ. ಗೆಳೆಯರು ಹೆಚ್ಚು ನಕ್ಕಿದ್ದು ಆಗಲೇ. ನಾನು ಅಲ್ಲಿನ ಕಿರಾಣಿ ಅಂಗಡಿಯಲ್ಲೇ ತಿಂಗಳ ಸಾಮಾನು ತರಲು ಶುರುಮಾಡಿದೆ. ಇಸ್ತ್ರಿ ಮಾಡುವವರ ಹತ್ತಿರ ವಾರಕ್ಕೆ ಆರು ಅಂಗಿ ಕೊಟ್ಟೆ. ಮನೆ ಖಾಲಿ ಆಗುವುದು ಇವರಿಗೆ ಬೋರ್ಡ್ ಹಾಕುವ ಮುಂಚೆಯೇ ಗೊತ್ತಿರುತ್ತದೆ. ಏಳನೇ ವಾರ ಇಸ್ತ್ರಿಯವರೇ ಫೋನ್ ಮಾಡಿದರು: "ಸರ್, ಬ್ಯಾಂಕ್‌ನೋರಿಗಿ ವರ್ಗಾ ಆಗ್ಯದಂತ್ರಿ. ಲಗೂನ ಬರ್ರಿ." ಹೋದಾಗ ಬ್ಯಾಂಕಿನವರು ಇನ್ನೂ ಡಬ್ಬ ಕಟ್ಟಿರಲಿಲ್ಲ. ಏಜೆಂಟ್ ಇಲ್ಲ, ಕಮಿಷನ್ ಇಲ್ಲ. ಮಾಲಕರು 11,500 ಕೇಳಿದರು, 10,500ಕ್ಕೆ ಮುಗಿಯಿತು. ಆ ಸಾವಿರ ಹೇಗೆ ಇಳಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಗಲ್ಲಿ ಜೇವರ್ಗಿ ರಸ್ತೆ ಕಡೆ ಇದೆ ಅಂತಷ್ಟೇ ಹೇಳುತ್ತೇನೆ.

ಈಗ ವ್ಯಾನಿನ ಖರ್ಚಿಲ್ಲ, ಟ್ಯಾಂಕರ್ ಇಲ್ಲ. ಮೊದಲ ಅಗ್ಗದ ಮನೆಗಿಂತ ತಿಂಗಳಿಗೆ ಒಂದು ಸಾವಿರ ಉಳಿಯುತ್ತದೆ. ಹುಡುಕಾಟಕ್ಕೆ ಪೆಟ್ರೋಲು, ಚಹಾ, ಮಿರ್ಚಿ ಭಜಿ ಸೇರಿ ಎರಡೂವರೆ ಸಾವಿರ ಆಗಿರಬಹುದು. ಭಜಿ ಲೆಕ್ಕ ಸರಿಯಾಗಿ ಇಟ್ಟಿಲ್ಲ.

ಕೊರತೆ ಇದೆ. ಹತ್ತಿರದಲ್ಲಿ ಪಾರ್ಕ್ ಇಲ್ಲ. ಮಕ್ಕಳು ಎದುರಿನ ಖಾಲಿ ಸೈಟಿನಲ್ಲಿ ಆಡುತ್ತಾರೆ, ಭಾನುವಾರ ಅಪ್ಪನ ಕೆರೆಗೋ ಪಬ್ಲಿಕ್ ಗಾರ್ಡನ್‌ಗೋ ಬೈಕ್ ಹತ್ತಿಸಬೇಕು. ಹೋದ ವಾರ ಆ ಸೈಟಿನ ಮೂಲೆಯಲ್ಲಿ ಯಾರೋ ಜಲ್ಲಿ ಇಳಿಸಿದ್ದಾರೆ. ನಾನು ಇಸ್ತ್ರಿಯವರ ಹತ್ತಿರ ಕೇಳಿದ್ದೇನೆ, ಇನ್ನೂ ಸುದ್ದಿ ಬಂದಿಲ್ಲ.