ಪೀಣ್ಯದ ಕಾರ್ಖಾನೆಗೆ ನೆಟ್‌ವರ್ಕ್ ಕಾವಲನ್ನು ಆರಿಸಿದ ಬಗೆ

ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆಯೊಂದರ ಐಟಿ ವಿಭಾಗವನ್ನು ನೋಡಿಕೊಳ್ಳುತ್ತಿರುವ ನನಗೆ ನೆಟ್‌ವರ್ಕ್ ಪ್ರವೇಶ ನಿಯಂತ್ರಣದ ತಂತ್ರಾಂಶ ಬೇಕೆಂದು ಮನವರಿಕೆಯಾದದ್ದು ಒಂದು ಸಣ್ಣ ಘಟನೆಯಿಂದ. ಯಂತ್ರ ದುರಸ್ತಿಗೆ ಬಂದಿದ್ದ ಹೊರಗಿನ ತಂತ್ರಜ್ಞರೊಬ್ಬರು ಮೀಟಿಂಗ್ ಕೋಣೆಯ ಗೋಡೆಯಲ್ಲಿದ್ದ ಪೋರ್ಟ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿದೊಡನೆ ಲೆಕ್ಕಪತ್ರ ವಿಭಾಗದ ಫೋಲ್ಡರ್‌ಗಳು ಅವರ ಪರದೆಯ ಮೇಲೆ ಕಾಣಿಸಿಕೊಂಡವು. ಅವರೇ ಬಂದು ಹೇಳಿದ್ದರಿಂದ ನಮಗೆ ತಿಳಿಯಿತು. ಗೇಟಿನಲ್ಲಿ ಸೆಕ್ಯುರಿಟಿಯವರಿದ್ದರು, ವೈಫೈಗೆ ಪಾಸ್‌ವರ್ಡ್ ಇತ್ತು. ಗೋಡೆಯ ಪೋರ್ಟಿಗೆ ಮಾತ್ರ ಕೇಳುವವರಿರಲಿಲ್ಲ.

ಸಿಸ್ಕೊ ಐಎಸ್‌ಇ, ಅರುಬಾ ಕ್ಲಿಯರ್‌ಪಾಸ್, ಫೋರ್ಟಿನ್ಯಾಕ್ ಮುಂತಾದ ಇಂಥ ತಂತ್ರಾಂಶಗಳ ಮಾಹಿತಿಪತ್ರಗಳನ್ನು ಹರಡಿಕೊಂಡು ಸೌಲಭ್ಯಗಳನ್ನು ಹೋಲಿಸಲು ಕುಳಿತದ್ದು ನನ್ನ ಮೊದಲ ತಪ್ಪು. ಕಾಗದದ ಮೇಲೆ ಎಲ್ಲರಲ್ಲೂ ಎಲ್ಲವೂ ಇರುತ್ತದೆ. ಅವನ್ನು ಬದಿಗಿಟ್ಟು, ಸ್ವಿಚ್‌ಗಳಲ್ಲಿ ದಾಖಲಾಗಿದ್ದ ಮ್ಯಾಕ್ ವಿಳಾಸಗಳನ್ನು (ಪ್ರತಿ ಸಾಧನದ ನೆಟ್‌ವರ್ಕ್ ಗುರುತಿನ ಸಂಖ್ಯೆಗಳನ್ನು) ತೆಗೆದು, ಪ್ರತಿಯೊಂದು ತಂತಿಯ ತುದಿಯಲ್ಲಿ ಏನಿದೆ ಎಂಬುದನ್ನು ಎರಡು ವಾರ ಓಡಾಡಿ ನೋಡಿದೆವು. ಲ್ಯಾಪ್‌ಟಾಪ್‌ಗಳು ಅರ್ಧಕ್ಕಿಂತ ಕಡಿಮೆ. ಉಳಿದವು ಸಿಸಿಟಿವಿ ಕ್ಯಾಮೆರಾ, ಬೆರಳಚ್ಚಿನ ಹಾಜರಾತಿ ಯಂತ್ರ, ಬಾರ್‌ಕೋಡ್ ಪ್ರಿಂಟರ್, ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಗಳು. ಮೇಜಿನಡಿ ಯಾರೋ ಎಂದೋ ಇಟ್ಟಿದ್ದ ಸಣ್ಣ ಸ್ವಿಚ್‌ಗಳೂ ಸಿಕ್ಕವು.

ಆಯ್ಕೆಯ ದಿಕ್ಕನ್ನು ಬದಲಿಸಿದ್ದು ಈ ಪಟ್ಟಿಯೇ. 802.1ಎಕ್ಸ್ ಎಂಬ ಗುರುತು ತಪಾಸಣೆಯ ವಿಧಾನದಲ್ಲಿ ಸಾಧನವು ತನ್ನ ಗುರುತನ್ನು ಒಪ್ಪಿಸುತ್ತದೆ, ಸ್ವಿಚ್ ಅದನ್ನು ಪರಿಶೀಲಿಸುವ ರೇಡಿಯಸ್ ಸರ್ವರ್‌ಗೆ ತಲುಪಿಸುತ್ತದೆ, ಯಾವ ವಿಎಲ್‌ಎಎನ್‌ಗೆ (ನೆಟ್‌ವರ್ಕಿನ ಯಾವ ಪ್ರತ್ಯೇಕ ವಿಭಾಗಕ್ಕೆ) ಬಿಡಬೇಕೆಂದು ಸರ್ವರ್ ಹೇಳುತ್ತದೆ. ಲ್ಯಾಪ್‌ಟಾಪ್‌ಗಳ ಮಟ್ಟಿಗೆ ಈ ಕೆಲಸವನ್ನು ಯಾವ ತಂತ್ರಾಂಶವಾದರೂ ಮಾಡುತ್ತದೆ. ಆದರೆ ನಮ್ಮ ಹಳೆಯ ಪ್ರಿಂಟರ್‌ಗಳಿಗೂ ಸಿಎನ್‌ಸಿ ಯಂತ್ರಗಳಿಗೂ ಈ ಭಾಷೆ ಬರುವುದಿಲ್ಲ. ಅವನ್ನು ಮ್ಯಾಕ್ ವಿಳಾಸ ನೋಡಿಯೇ ಒಳಗೆ ಬಿಡಬೇಕು. ಆ ವಿಳಾಸವೋ ಪ್ರಿಂಟರಿನ ಬೆನ್ನಿಗಂಟಿಸಿದ ಚೀಟಿಯಲ್ಲೇ ಅಚ್ಚಾಗಿರುತ್ತದೆ, ಯಾರು ಬೇಕಾದರೂ ನಕಲು ಮಾಡಬಹುದು. ಆದ್ದರಿಂದ, ಪ್ರಿಂಟರ್ ಎಂದು ಹೇಳಿಕೊಂಡು ಬಂದ ಸಾಧನವು ವಿಂಡೋಸ್ ಕಂಪ್ಯೂಟರಿನಂತೆ ವರ್ತಿಸಿದರೆ ತಂತ್ರಾಂಶ ಅದನ್ನು ಪತ್ತೆಹಚ್ಚುತ್ತದೆಯೇ ಎಂಬುದೇ ನಮ್ಮ ಮುಖ್ಯ ಪರೀಕ್ಷೆಯಾಯಿತು.

ಮಾರಾಟಗಾರರೊಬ್ಬರು ತಮ್ಮದೇ ಸ್ವಿಚ್ ತಂದು ಚೆಂದದ ಪ್ರದರ್ಶನ ನೀಡಿದರು. ನಮ್ಮ ಸ್ವಿಚ್‌ನಲ್ಲಿ ತೋರಿಸಿ ಎಂದಾಗ, ಸಂಪರ್ಕದಲ್ಲಿರುವ ಸಾಧನವನ್ನು ಕೂಡಲೇ ಬೇರೆ ವಿಎಲ್‌ಎಎನ್‌ಗೆ ತಳ್ಳುವ ಆದೇಶವನ್ನು ನಮ್ಮ ಹಳೆಯ ಸ್ವಿಚ್‌ಗಳು ಪಾಲಿಸುವುದಿಲ್ಲವೆಂದು ಗೊತ್ತಾಯಿತು. ನಮಗೆ ಬಂದ ದರಪಟ್ಟಿಗಳಲ್ಲಿ ಒಂದು ಕ್ಯಾಮೆರಾಕ್ಕೂ ಒಂದು ಲ್ಯಾಪ್‌ಟಾಪಿಗೂ ಒಂದೇ ಪರವಾನಗಿ ಶುಲ್ಕವಿತ್ತು. ಕೊನೆಗೆ ಮುಕ್ತ ತಂತ್ರಾಂಶವಾದ ಪ್ಯಾಕೆಟ್‌ಫೆನ್ಸ್ ಅನ್ನು ಆರಿಸಿ, ಉಳಿದ ಹಣದಲ್ಲಿ ಹಳೆಯ ಸ್ವಿಚ್‌ಗಳನ್ನು ಬದಲಿಸಿದೆವು. ಲಿನಕ್ಸ್ ಬಲ್ಲ ಸಹೋದ್ಯೋಗಿ ಇಲ್ಲದಿದ್ದರೆ ನಾನು ಈ ದಾರಿ ಹಿಡಿಯುತ್ತಿರಲಿಲ್ಲ.

ಲ್ಯಾಪ್‌ಟಾಪ್‌ಗಳ ಗುರುತು ಪರಿಶೀಲನೆಗೆ ಪಾಸ್‌ವರ್ಡ್ ಆಧಾರಿತ ಪೀಪ್ ವಿಧಾನವನ್ನು ಕೈಬಿಟ್ಟು ಡಿಜಿಟಲ್ ಪ್ರಮಾಣಪತ್ರ ಆಧಾರಿತ ಇಎಪಿ-ಟಿಎಲ್‌ಎಸ್‌ಗೆ ಹೋದದ್ದಕ್ಕೂ ಕಾರಣವಿದೆ: ವಿಂಡೋಸ್ 11ರ 22ಎಚ್2 ಆವೃತ್ತಿಯ ಎಂಟರ್‌ಪ್ರೈಸ್ ಕಂಪ್ಯೂಟರ್‌ಗಳಲ್ಲಿ ಲಾಗಿನ್ ಗುಟ್ಟುಗಳನ್ನು ಕಾಯುವ ಕ್ರೆಡೆನ್ಶಿಯಲ್ ಗಾರ್ಡ್ ತಾನಾಗಿಯೇ ಚಾಲೂ ಆಗಿ, ಪೀಪ್ ಮೂಲಕ ಆಗುತ್ತಿದ್ದ ಸ್ವಯಂ ಲಾಗಿನ್‌ಗೆ ಅಡ್ಡ ಬರುತ್ತದೆ. ಕಂಪ್ಯೂಟರ್ ವ್ಯವಸ್ಥೆಯ ಲಾಗ್ ದಾಖಲೆಗಳನ್ನು 180 ದಿನ ಇಡಬೇಕೆಂಬ, ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನವಿದ್ದುದರಿಂದ ಡಿಸ್ಕಿನ ಜಾಗವನ್ನೂ ಮೊದಲೇ ಲೆಕ್ಕ ಹಾಕಿಕೊಂಡೆವು.

ಹೆಚ್ಚು ಚರ್ಚೆಯಾದದ್ದು ಬೇರೆಯೇ ವಿಷಯಕ್ಕೆ. “ನಿಮ್ಮ ಸರ್ವರ್ ಕೆಟ್ಟರೆ ನನ್ನ ಲೈನ್ ನಿಲ್ಲುತ್ತದೆಯೇ?” ಎಂದು ಉತ್ಪಾದನಾ ವಿಭಾಗದ ಮುಖ್ಯಸ್ಥರು ಕೇಳಿದ ಪ್ರಶ್ನೆಗೆ ನನ್ನ ಬಳಿ ಆ ದಿನ ಉತ್ತರವಿರಲಿಲ್ಲ. ಎರಡನೆಯ ಸರ್ವರ್ ಇಟ್ಟೆವು. ಎರಡೂ ಕೈಕೊಟ್ಟರೆ ಯಂತ್ರಗಳ ಪೋರ್ಟ್‌ಗಳು ತೆರೆದೇ ಇರಲಿ, ಕಚೇರಿಯವು ಮುಚ್ಚಿಕೊಳ್ಳಲಿ ಎಂದು ಬರೆದಿಟ್ಟು ಇಬ್ಬರೂ ಸಹಿ ಹಾಕಿದೆವು. ಆಮೇಲೂ ಆರು ವಾರ ಯಾರನ್ನೂ ತಡೆಯದೆ, ತಡೆದಿದ್ದರೆ ಯಾರು ಸಿಕ್ಕಿಬೀಳುತ್ತಿದ್ದರು ಎಂಬುದನ್ನಷ್ಟೇ ದಾಖಲಿಸಿಕೊಂಡೆವು.

ಇಷ್ಟಾದರೂ ಒಂದು ವಿಷಯ ಕಣ್ತಪ್ಪಿತು. ಹೆರಿಗೆ ರಜೆ ಮುಗಿಸಿ ಬಂದ ಸಹೋದ್ಯೋಗಿಯೊಬ್ಬರ ಲ್ಯಾಪ್‌ಟಾಪಿನ ಪ್ರಮಾಣಪತ್ರದ ಅವಧಿ ಮುಗಿದಿತ್ತು. ನವೀಕರಿಸಲು ನೆಟ್‌ವರ್ಕ್ ಬೇಕು, ನೆಟ್‌ವರ್ಕ್ ಸಿಗಲು ಪ್ರಮಾಣಪತ್ರ ಬೇಕು. ಡೊಮೇನ್ ಮತ್ತು ಪ್ರಮಾಣಪತ್ರ ಸರ್ವರ್‌ಗಳನ್ನು ಮಾತ್ರ ತಲುಪಬಲ್ಲ ಪುಟ್ಟ ವಿಎಲ್‌ಎಎನ್ ಒಂದನ್ನು ಅದೇ ಸಂಜೆ ಸೇರಿಸಿದೆವು.