ಬೆರಳು ಬಿಗಿಯುವವರು ಬೆಳಗ್ಗೆಯೇ ರೊಟ್ಟಿಗೆ ಕೂರಬೇಡಿ
ನಮ್ಮ ಕಲಬುರಗಿ ಮನೆಗಳಲ್ಲಿ ಬೆಳಗಾದರೆ ರೊಟ್ಟಿ ಬಡಿಯಲೇಬೇಕು. ಆದರೆ ರುಮಟಾಯ್ಡ್ ಆರ್ಥ್ರೈಟಿಸ್ (ಕೀಲು ಊದಿ ನೋಯುವ ಕಾಯಿಲೆ) ಇರುವ ಅಕ್ಕಂದಿರಿಗೆ ಬೆರಳು ಜಾಸ್ತಿ ಬಿಗಿಯುವುದೂ ಅದೇ ಹೊತ್ತಿಗೆ ಅಲ್ವಾ? ರೊಟ್ಟಿ ಕೆಲಸ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಮೊದಲು ಬೆಚ್ಚಗಿನ ನೀರಲ್ಲಿ ಕೈ ಇಟ್ಟು ಮೆಲ್ಲಗೆ ಮುಷ್ಟಿ ಮಡಚಿ, ಬಿಚ್ಚಿ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ಸೌಟಿನಿಂದ ಕಲಸಿದರೆ ನಾದುವ ಕಷ್ಟ ಕಮ್ಮಿ. ಬಡಿಯಬೇಡಿ, ಲಟ್ಟಿಸಿ. ಲಟ್ಟಣಿಗೆಯನ್ನು ಬೆರಳಲ್ಲಿ ಬಿಗಿಹಿಡಿಯದೆ ಅಂಗೈಯಿಂದ ಉರುಳಿಸಿ. ಖಡಕ್ ರೊಟ್ಟಿ ಕೊಂಡು ತಂದರೂ ಏನೂ ತಪ್ಪಿಲ್ಲ, ಯಾರೇನೇ ಅನ್ನಲಿ.

ಇದಕ್ಕಿಂತ ದೊಡ್ಡ ಮಾತು ಮಾತ್ರೆಯದು. ಈ ಕಾಯಿಲೆಗೆ ಮೆಥೊಟ್ರೆಕ್ಸೇಟ್ ಬರೆದಿದ್ದರೆ ಅದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ಬಿಪಿ, ಶುಗರ್ ಮಾತ್ರೆ ಜೊತೆ ಇಡಬೇಡಿ, ಡಬ್ಬಿ ಬೇರೆ ಇರಲಿ. ಸೋಮವಾರ ಶರಣಬಸವೇಶ್ವರ ಗುಡಿಗೆ ಹೋಗುವವರು ವೈದ್ಯರನ್ನು ಕೇಳಿ ಮಾತ್ರೆಗೂ ಅದೇ ದಿನ ಗೊತ್ತು ಮಾಡಿಕೊಳ್ಳಿ, ಮರೆಯುವುದಿಲ್ಲ. ವೈದ್ಯರು ಇದರ ಜೊತೆ ಬರೆದ ಫೋಲಿಕ್ ಆಸಿಡ್ ಮಾತ್ರೆ, ರಕ್ತ ಪರೀಕ್ಷೆ ಎರಡನ್ನೂ ತಪ್ಪಿಸಬೇಡಿ. ಜ್ವರ ಬಂದರೆ ಮುಂದಿನ ಮಾತ್ರೆಗೆ ಮುಂಚೆ ವೈದ್ಯರಿಗೆ ತಿಳಿಸಿ. ನೋವು ಇಳಿಯಿತು ಅಂತ ಸುಮ್ನೆ ನಿಲ್ಲಿಸಬೇಡಿ, ಕೀಲು ಒಳಗೊಳಗೇ ಹಾಳಾಗಬಹುದು. ಮಗು ಬೇಕು ಅನ್ನುವವರು ಮಾತ್ರೆ ಶುರು ಮಾಡುವ ಮುಂಚೆಯೇ ಹೇಳಿಬಿಡಿ, ಬಸಿರಿನಲ್ಲಿ ಇದು ಬೇಡವೇ ಬೇಡ.